ಸೀತಾ ಟೀಚರ ರೋಟರಿ ಕಾರು

೧೯೯೮ರಲ್ಲಿ ನನಗೆ ಭದ್ರಾವತಿಯಲ್ಲಿ ಗ್ಯಾರೇಜಿತ್ತು. ಒಮ್ಮೆ ಶಿವಮೊಗ್ಗದ ಸೀತಾ ಟೀಚರ್, ತೀರಿಕೊಂಡ ಗಂಡನ ಜಪಾನಿ ಕಾರು ನೋಡಲು ಕರೆಸಿದರು.

“ದಿನಾ ಸಂಜೆ ಐದಕ್ಕೆ ತಾನಾಗೇ ಸ್ಟಾರ್ಟ್ ಆಗುತ್ತೆ ಸಿದ್ದಪ್ಪ. ಅವ್ರು ಬಂದ್ರು ಅಂತ ಬಾಗಿಲು ತೆಗೆದೂ ತೆಗೆದೂ ಸಾಕಾಗಿದೆ. ಹೇಗಾದ್ರೂ ನಿಲ್ಲಿಸ್ಕೊಡಿ.”

ಕಾರಿನಲ್ಲಿ ಬ್ಯಾಟರಿ ಇರಲಿಲ್ಲ, ಪೆಟ್ರೋಲೂ ಇರಲಿಲ್ಲ. ಆದರೂ ಐದಕ್ಕೆ ಸದ್ದು ಬಂತು. ಅದು ರೋಟರಿ ಎಂಜಿನ್. ಪಿಸ್ಟನ್ ಬದಲು ತ್ರಿಕೋನದ ರೋಟರ್ ಸುತ್ತುವುದರಿಂದ ಬಡಿತವಿಲ್ಲದ ಒಂದೇ ಗುಂಯ್. ಎಂಜಿನ್ನನ್ನೇ ಕಳಚಿ ಭದ್ರಾವತಿಗೆ ತಂದು ಬಿಚ್ಚಿಹಾಕಿದೆ.

ಮರುದಿನ ಐದಕ್ಕೆ ಟೀಚರ್ ಫೋನ್ ಮಾಡಿದರು. “ಇವತ್ತು ನಾನು ಬಾಗಿಲು ತೆಗೀಲಿಲ್ಲ. ಸದ್ದು ಒಳಗೇ ಬಂದಿದೆ.” ಅವರ ದನಿಯ ಹಿಂದೆ ಅದೇ ಗುಂಯ್ ಕೇಳಿಸುತ್ತಿತ್ತು.

ನನ್ನೆದುರಿನ ಮೇಜಿನ ಮೇಲೆ ರೋಟರ್ ಅಲ್ಲಾಡದೆ ಬಿದ್ದಿತ್ತು. ಮುಟ್ಟಿದೆ; ಕೈ ಸುಟ್ಟಿತು.