ಬಿಚ್ಚದ ಪಾರ್ಸೆಲ್

ಕತ್ತಿಯ ತುದಿ ನನ್ನ ಗಂಟಲಿಗೆ ತಾಗಿತ್ತು.

"ಸ್ಕೂಟರ್ ಹತ್ತಿ ಸೀದಾ ಬಂಟ್ವಾಳಕ್ಕೆ ಹೋಗಿ ಮೇಡಂ," ಎಂದ ಸುಧಾಕರ. "ಇಲ್ಲದಿದ್ರೆ ಈ ಪಾರ್ಸೆಲ್ ಹೊಳೆಗೆ... ಅದರ ಹಿಂದೆ ನೀವು!"

ಕತ್ತಿ ಹಿಡಿದವನು ಅವನ ಆಳು ಮುಂಡಪ್ಪ. ಜಾಗ, ಮೂಡುಬಿದಿರೆ ಪೇಟೆಯ ಒಂದು ಮಾಳಿಗೆ. ಬಾಗಿಲಿಗೆ 'ಕಸ್ಟಮ್ಸ್ ಪಾರ್ಸೆಲ್ ಸರ್ವಿಸ್' ಎಂಬ ಬೋರ್ಡು! ಕಸ್ಟಮ್ಸಿಗೂ ಈ ಸುಧಾಕರನಿಗೂ ಸಂಬಂಧವೇ ಇಲ್ಲ. ನನಗೆ ಗೊತ್ತಿಲ್ಲವೇ? ಮಂಗಳೂರಿನಲ್ಲಿ ಕ್ಲಿಯರಿಂಗ್ ಏಜೆಂಟರ ಬಳಿ ದುಡಿದವಳು ನಾನು, ಸ್ವರ್ಣಲತಾ. ಈಗ ಊರವರ ಸಿಕ್ಕು ಬಿಡಿಸುವುದೇ ನನ್ನ ಕಸುಬು.

ಮೇಜಿನ ಮೇಲೆ ಪಾರ್ಸೆಲ್ ಇತ್ತು. ಬಿಳಿ ಬಟ್ಟೆ ಸುತ್ತಿ ಹೊಲಿದದ್ದು. ಸೌದಿಯ ದಮ್ಮಾಮಿನಲ್ಲಿ ಟೈಲರ್ ಆಗಿದ್ದ ಉಸ್ಮಾನ್ ಹೆಂಡತಿ ಜುಲೈಕಾಳಿಗೆ ಕಳಿಸಿದ್ದು. ಒಳಗೆ ಅವನು ಮಾತಾಡಿ ತುಂಬಿಸಿದ ಕ್ಯಾಸೆಟ್. ಪೋಸ್ಟಿಗೆ ಹಾಕಿದ ಮರುವಾರವೇ ಲಾರಿ ಬಡಿದು ಸತ್ತ. ದಫನವೂ ಅಲ್ಲೇ ಆಯಿತು.

"ಬಳೆ ಹೋದ್ರೆ ಹೋಗಲಿ ಸ್ವರ್ಣಕ್ಕ," ಎಂದಿದ್ದಳು ಜುಲೈಕಾ. "ಅವರ ಸ್ವರ ಒಂದು ತಂದುಕೊಡಿ."

ಅವಳೇ ಬರುವ ಹಾಗಿರಲಿಲ್ಲ. ಗಂಡ ಸತ್ತ ಮೇಲಿನ ಇದ್ದತ್ ಮುಗಿಯುವವರೆಗೆ ಹೆಂಗಸು ಮನೆಯೊಳಗೇ ಇರಬೇಕು. ಅಂಥ ಮನೆಗಳನ್ನೇ ಈ ದರಿದ್ರದವನು ಹುಡುಕುತ್ತಿದ್ದ! ಪೋಸ್ಟಾಫೀಸಿಗೆ ನಾನೇ ಹೋಗ್ತೇನೆ ಎಂದು ಸಹಿ ಹಾಕಿಸಿಕೊಂಡ. ಪಾರ್ಸೆಲ್ ಬಿಡಿಸಿಕೊಂಡ. ಆಮೇಲೆ ಶುರು... ಕಸ್ಟಮ್ಸಿನವರು ಬಿಚ್ಚಿ ನೋಡಿದ್ದಾರೆ, ಒಳಗೆ ಬೆಲೆಬಾಳುವ ಮಾಲು ಉಂಟು, ಡ್ಯೂಟಿ ಕಟ್ಟಿ, ಅಂದರೆ ಸುಂಕ! ಅವಳ ಎರಡು ಬಳೆ ಹೋದವು. ಈಗ ಸರವೂ ಬೇಕಂತೆ.

"ಕಸ್ಟಮ್ಸಿನವರು ಬಿಚ್ಚಿದ್ದು ಹೌದಾ?" ಎಂದೆ.

"ಹೌದು. ನನ್ನ ಎದುರೇ!"

"ಹಾಗಾದ್ರೆ ಹೊಲಿಗೆ ನೋಡು ಮಾರಾಯ."

"ಎಂತ ಹೊಲಿಗೆ?"

"ಮೂಲೆ ಮೂಲೆಗೆ ಜೋಡಿ ಗಂಟು. ಅದು ಉಸ್ಮಾನನ ಕೈ. ಅವನು ಹಿಂದೆ ಕಳಿಸಿದ ಪಾರ್ಸೆಲ್ ಬಟ್ಟೆ ಜುಲೈಕಾ ತೋರಿಸಿದ್ದಾಳೆ. ಇದರಲ್ಲಿ ಒಂದು ನೂಲೂ ಕಡಿದಿಲ್ಲ. ಕಸ್ಟಮ್ಸಿನವರು ಬಿಚ್ಚಿದ್ರೆ ಮೇಲೆ ಅವರದ್ದೇ ಅಂಟು ಟೇಪ್ ಇರ್ತದೆ. ಮೇಲಿನ ಚೀಟಿ ಓದು, ಗಿಫ್ಟ್! ಸಣ್ಣ ಗಿಫ್ಟಿಗೆ ಡ್ಯೂಟಿ ಇಲ್ಲ. ಇದ್ರೂ ಪೋಸ್ಟಾಫೀಸಲ್ಲಿ ಕಟ್ಟಿ ರಸೀದಿ ತಗೊಳ್ಳುದು. ನಿನ್ನ ಮಾಳಿಗೆಯಲ್ಲಿ ಅಲ್ಲ!"

ಹೊಲಿಗೆ ನೋಡಲು ಮುಂಡಪ್ಪನೂ ಕತ್ತು ಹೊರಳಿಸಿದ.

ಅಷ್ಟು ಸಾಕಿತ್ತು!

ಕೈಯಲ್ಲಿದ್ದ ಹೆಲ್ಮೆಟ್ ಬೀಸಿದೆ. ಕತ್ತಿ ನೆಲಕ್ಕೆ ಬಿತ್ತು, ಅವನೂ ಬಿದ್ದ. ಪಾರ್ಸೆಲ್ ಬಾಚಿಕೊಂಡು ಮೆಟ್ಟಿಲಿಳಿದೆ. ಸ್ಕೂಟರ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಪುಣ್ಯ.

ಸಿದ್ಧಕಟ್ಟೆ ದಾರಿಯಲ್ಲಿ ಹಿಂದಿನಿಂದ ಓಮ್ನಿ ವ್ಯಾನು ಬಂತು. ಸುಧಾಕರ ಒಬ್ಬನೇ. ತಿರುವಿನಲ್ಲಿ ಗುದ್ದಿದ... ನಾನು ಚರಂಡಿಗೆ! ಮೊಣಕೈ ಸುಲಿದು ರಕ್ತ. ಏಳುವಷ್ಟರಲ್ಲಿ ಅವನು ಪಾರ್ಸೆಲ್ ಎತ್ತಿ ಓಮ್ನಿಯೊಳಗೆ ಎಸೆದಿದ್ದ.

"ಇನ್ನು ಸುಡ್ತೇನೆ ಇದನ್ನು!" ಎಂದು ಬಾಗಿಲಿನ ಅಂಚಿಗೆ ಕೈಯಿಟ್ಟ.

ಜಾರುವ ಬಾಗಿಲನ್ನು ಮೈಯೆಲ್ಲ ಬಲ ಹಾಕಿ ಎಳೆದೆ. ಅವನ ಬೆರಳು ಸಿಕ್ಕಿಬಿತ್ತು.

"ಅಯ್ಯೋ! ಬಿಡಿ ಮೇಡಂ!"

"ಬಳೆ ಎಲ್ಲಿ?"

"ಮುಂದೆ... ಸೀಟಿನ ಅಡಿ..."

ಬಳೆ, ಪಾರ್ಸೆಲ್ ಎರಡನ್ನೂ ಜುಲೈಕಾಳ ಮನೆಗೆ ಮುಟ್ಟಿಸಿದೆ. ಅವಳು ಕತ್ತರಿ ಮುಟ್ಟಲಿಲ್ಲ. ಸೂಜಿ ಹಿಡಿದು ಒಂದೊಂದೇ ಹೊಲಿಗೆ ಬಿಡಿಸಿದಳು. ಟೇಪ್‌ರೆಕಾರ್ಡರಿನಲ್ಲಿ ಉಸ್ಮಾನ್ ಮೊದಲು ಕೆಮ್ಮಿದ. ಆಮೇಲೆ ಅವಳಿಗೆ ಊಟ ಆಯಿತಾ ಎಂದು ಕೇಳಿದ. "ಆಯ್ತು," ಎಂದಳು ಅವಳು ಗೋಡೆಗೆ ಒರಗಿ. ಬೆಳಗಿನಿಂದ ಒಂದು ತುತ್ತೂ ತಿಂದಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ಅಂಗಳಕ್ಕೆ ಹೋಗಿ ಅತ್ತೆ.

ಮರುದಿನ ಸುಧಾಕರನ ಫೋನು. ಕೈಗೆ ಪ್ಲಾಸ್ಟರ್ ಅಂತೆ.

"ಮೂರು ಬೆರಳು ಮುರಿದಿದೆ! ಇದಕ್ಕೆ ನೀವು ಕೊಡುದೆಷ್ಟು?"

"ಏನೂ ಇಲ್ಲ," ಎಂದೆ. "ನೀನೂ ಕೊಡುದು ಬೇಡ. ಅದು ನನ್ನ ಗಿಫ್ಟ್... ಡ್ಯೂಟಿ ಇಲ್ಲ!"