ಹರಿಯದ ಹಾಳೆ

ಕುದಿಯುವ ಬೆಲ್ಲದ ವಾಸನೆ ಬಂದರೆ ಸಂಜೀವಕುಮಾರನಿಗೆ ಈಗಲೂ ಸಿರ್ಗಾಪುರದ ಆ ಹೊಲ ನೆನಪಾಗುತ್ತದೆ. ಕಡಾಯಿಯ ಪಕ್ಕ ನಿಂತು, ಊದಿ ಊದಿ ಆರಿಸಿ, ಬೆಲ್ಲವನ್ನು ಅವನ ಬಾಯಿಗಿಡುತ್ತಿದ್ದವಳು ಸೋದರತ್ತೆ ಸುಗಲಾಬಾಯಿ. ಅದೇ ಹೊಲವನ್ನು ಅವಳೀಗ ನೆರೆಮನೆಯ ದ್ರೌಪದಿಗೆ ಬರೆದುಕೊಡುತ್ತಾಳಂತೆ. ಜ್ವರದಲ್ಲಿ ಹತ್ತು ದಿನ ಗಂಜಿ ಕುಡಿಸಿದವಳಿಗೆ ಎರಡು ಎಕರೆ!

ಅತ್ತೆಗೆ ತಿಳಿವಳಿಕೆ ಉಳಿದಿಲ್ಲವೆಂದು ಡಾಕ್ಟರ್ ಬರೆದರೆ ಸಾಕು, ದಾನಪತ್ರದ ನೋಂದಣಿ ನಿಂತುಹೋಗುತ್ತದೆ. ಅವನು ಅವಸರ ಮಾಡಲಿಲ್ಲ. ದ್ರೌಪದಿ ತಾಂಡೂರಿನ ತವರಿಗೆ ಹೋದ ವಾರವನ್ನೇ ಆರಿಸಿದ. ಟಿವಿಯ ರೀಚಾರ್ಜ್ ಮುಗಿಯಲು ಬಿಟ್ಟ. ಗೋಡೆಯ ಕ್ಯಾಲೆಂಡರಿನ ಹಾಳೆ ದಿನವೂ ಹರಿಯುವವನು ಅವನೇ. ನಡುವೆ ಒಂದು ದಿನ ಹರಿಯಲಿಲ್ಲ, ಅಷ್ಟೆ. ಮಂಗಳವಾರ ಬೆಳಿಗ್ಗೆ ಬೆಲ್ಲದ ಸಜ್ಜಕ ಮಾಡಿ ನಿದ್ದೆಮಾತ್ರೆಯ ಪುಡಿ ಬೆರೆಸಿದ. ಲಿಂಗಪೂಜೆ ಆಗದೆ ಅತ್ತೆ ಬಾಯಿಗೇನೂ ಹಾಕುವುದಿಲ್ಲ, ಅದಕ್ಕೂ ಕಾದ. ತಟ್ಟೆ ಒಳಗೆ ಹೋಯಿತು, ತೊಳೆದು ಹೊರಗೆ ಬಂತು.

ಜಹೀರಾಬಾದಿನ ಬಸ್ಸಿನಲ್ಲಿ ಅವಳ ರೆಪ್ಪೆಗಳನ್ನೇ ನೋಡುತ್ತ ಕುಳಿತ. ಅವಳು ಕಬ್ಬಿನ ಟ್ರಾಕ್ಟರುಗಳನ್ನು ಎಣಿಸುತ್ತಿದ್ದಳು.

ಡಾಕ್ಟರ್ ಶಿಲ್ಪಾರಾಣಿ ಫ್ಯಾನನ್ನು ಅವಳ ಕಡೆ ತಿರುಗಿಸಿದರು.

"ಇವತ್ತ ಯಾವ ವಾರರಿ, ಅವ್ವ?"

"ಸೋಮಾರ."

ಸಂಜೀವಕುಮಾರ ದುಃಖದಿಂದೆಂಬಂತೆ ತಲೆಯಾಡಿಸಿದ.

"ಮಂಗಳವಾರರಿ," ಡಾಕ್ಟರ್ ತಿದ್ದಿದರು.

"ಹೌದಾ? ಹಾಳಿ ಹರಿಯಾಂವ ಸಂಜು. ಅವನ್ನೇ ಕೇಳ್ರಿ."

ಡಾಕ್ಟರ್ ಅವನನ್ನೊಮ್ಮೆ ನೋಡಿದರು. "ಹೊಲ ಕೊಟ್ಟಮ್ಯಾಲ ವಾಪಸ್ ಬೇಕಂದ್ರ?"

"ಸಿಗಂಗಿಲ್ಲ. ಅದಕ್ಕೇ ಒಂದ್ ವರ್ಷ ವಿಚಾರ ಮಾಡೀನಿ."

"ಅಣ್ಣನ ಮಗಗ ಯಾಕಿಲ್ಲ?"

"ಇಂವಗ ಅಪ್ಪನ ಎಂಟ ಎಕರೆ ಅದ. ಆಕಿಗಿ ಕಾಲೂರಾಕ ಜಾಗಿಲ್ಲ. ನನಗ ಮನಿ ಅದ, ಪಿಂಚಣಿ ಬರ್ತದ. ಸಾಕು."

ಮಾತು ಎಲ್ಲೂ ತೊದಲಲಿಲ್ಲ. ಮಾತ್ರೆ ಹಳೆಯದಾಗಿತ್ತೇನೋ ಎಂದುಕೊಂಡ.

ಅತ್ತೆ ಚೀಲದಿಂದ ಡಬ್ಬಿ ತೆಗೆದು ಅವನ ಮುಂದಿಟ್ಟಳು. ಬೆಲ್ಲದ ವಾಸನೆ ಹರಡಿತು. "ಮುಂಜಾನಿಂದ ಏನೂ ತಿಂದಿಲ್ಲ ನೀ, ತಗೋ. ಸೋಮಾರ ಸಂಜಿತನ ನಾ ಏನೂ ಮುಟ್ಟಂಗಿಲ್ಲ, ಮರತೀಯೇನು? ಪ್ರೀತೀಲೆ ಮಾಡಿದ್ದಿ, ಬ್ಯಾಡ ಅನ್ನಾಕ ಮನಸಾಗಲಿಲ್ಲ." ಹಸಿವಿಲ್ಲ ಎಂದ ಅವನು. "ಹಂಗಾದ್ರ ನೀವರ ತಿನ್ರಿ, ಡಾಕ್ಟರಮ್ಮ." ಶಿಲ್ಪಾರಾಣಿ ಚಮಚ ಎತ್ತಿದರು. "ಬ್ಯಾಡ್ರಿ!" ಕೂಗಿದ್ದು ಅವನೇ. ಡಾಕ್ಟರ್ ಚಮಚ ಕೆಳಗಿಟ್ಟರು, ಮುಚ್ಚಳ ಬಿಗಿದರು, ಡಬ್ಬಿಯನ್ನು ಪರೀಕ್ಷೆಗೆಂದು ನರ್ಸಿನ ಕೈಗೆ ಕೊಟ್ಟರು.