ಬಾತುಮರಿ ಹಿಡಿದ ಹುಡುಗಿ

"ಬಾಲೆಯೇ, ಇಲ್ಲಿರ್ದ ಆ ಕನ್ಯೆ ಎಲ್ಲಿಗೆ ಪೋದಳು?"

ಇಟಲಿಯ ಅಧಿಕಾರಿ ಖಾಲಿ ಗೋಡೆಯನ್ನು ಬೆರಳಿನಿಂದ ತಟ್ಟಿ ಕೇಳಿದ. ಮರೂಸೊಗೆ ಹೊಟ್ಟೆ ಹಸಿದಿದ್ದರೂ ನಗು ಬಂತು. ಈ ಮನುಷ್ಯ ತನ್ನೂರಿನ ಸ್ಕೂಲಿನಲ್ಲಿ ಎರಡು ಸಾವಿರ ವರ್ಷ ಹಳೆಯ ಪುಸ್ತಕಗಳಿಂದ ಗ್ರೀಕ್ ಭಾಷೆ ಕಲಿತಿದ್ದನಂತೆ. ದ್ವೀಪದ ಮಕ್ಕಳೆಲ್ಲ ಅವನಿಗೆ 'ಹಳೇಪುಸ್ತಕ' ಎಂದು ಹೆಸರಿಟ್ಟಿದ್ದರು.

"ಅವಳನ್ನ ಯಾಕೆ ಕೇಳ್ತೀರಿ? ಇಲ್ಲಿ ಕಾವಲಿರೋನು ನಾನು, ನನ್ನ ಕೇಳಿ," ಅಂದ ಅಪ್ಪ ಯಾಕುಮಿಸ್. "ಕಲ್ಲನ್ನ ಅಥೆನ್ಸಿಗೆ ಕಳಿಸಾಯ್ತು."

"ಆವ ಹಡಗಿನಲ್ಲಿ?"

"ಹೋಯ್ತಲ್ಲ, ಆ ಹಡಗಿನಲ್ಲಿ."

ಅಧಿಕಾರಿ ಅಪ್ಪನ ಮುಖವನ್ನೇ ನೋಡಿದ. ಆಮೇಲೆ ಟೋಪಿ ಹಾಕಿಕೊಂಡು ಹೊರಟುಹೋದ.

ಗ್ರೀಕರ ಆ ಪುಟ್ಟ ದ್ವೀಪದ ಮ್ಯೂಸಿಯಂ ಎಂದರೆ ಸ್ಕೂಲಿನ ಪಕ್ಕದ ಒಂದೇ ಒಂದು ರೂಮು. ಅಲ್ಲಿ ಒಡೆದ ಮಡಕೆಗಳು, ಮೂಗಿಲ್ಲದ ತಲೆಗಳು ಇದ್ದವು. ಗೋಡೆಗೆ ಒರಗಿಸಿದ್ದ ಒಂದು ಅಮೃತಶಿಲೆಯ ಸಮಾಧಿಗಲ್ಲೂ ಇತ್ತು. ಅದರಲ್ಲಿ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಬಾತುಮರಿ ಹಿಡಿದು ತಲೆ ಬಗ್ಗಿಸಿ ನಿಂತಿದ್ದಳು. ಯಾವ ಕಾಲದಲ್ಲೋ ಸತ್ತ ಹುಡುಗಿ ಅವಳು. ಮರೂಸೊ ಅಂಬೆಗಾಲಿಡುವಾಗಿನಿಂದ ನೋಡಿದ ಕಲ್ಲು ಅದು.

ಹೋದ ಏಪ್ರಿಲಿನಲ್ಲಿ, ಯುದ್ಧದಲ್ಲಿ ವೈರಿಗಳು ದ್ವೀಪ ಹಿಡಿಯಲು ಬರುತ್ತಿದ್ದಾರೆ ಎಂಬ ಸುದ್ದಿ ಬಂದ ದಿನ, ಊರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿತ್ತು. ಆಗ ಅಪ್ಪ, ಪಾದ್ರಿ ಮತ್ತು ಮರೂಸೊ ಸೇರಿ ಕಲ್ಲನ್ನು ಕತ್ತೆಗಾಡಿಯಲ್ಲಿ ಮನೆಗೆ ತಂದಿದ್ದರು. ಅಮ್ಮನ ಮದುವೆಯ ಕಂಬಳಿಯಲ್ಲಿ ಸುತ್ತಿ ಕೋಳಿಗೂಡಿನ ಕೆಳಗೆ ಹೂತಿದ್ದರು.

ಈಗ ಜನವರಿ. ಗೂಡಿನಲ್ಲಿ ಕೋಳಿಗಳಿರಲಿಲ್ಲ, ಎಲ್ಲವನ್ನೂ ತಿಂದು ಮುಗಿಸಿದ್ದರು. ಇಟಲಿಯ ಸೈನಿಕರು ಮೀನುದೋಣಿಗಳಿಗೆ ಬೀಗ ಹಾಕಿದ್ದರು. ಅಂಗಡಿಯಲ್ಲಿ ಹಿಟ್ಟಿರಲಿಲ್ಲ. ಸ್ಕೂಲಿನಲ್ಲಿ ದಿನಕ್ಕೊಂದು ಸೌಟು ಕಡಲೆಕಾಳಿನ ಸೂಪು ಕೊಡುತ್ತಿದ್ದರು, ಕಾಳಿಗಿಂತ ನೀರೇ ಹೆಚ್ಚು. ಮರೂಸೊ ಅದರಲ್ಲೇ ಅರ್ಧವನ್ನು ತಮ್ಮ ಅರ್ಗೀರಿಸ್‌ಗೆಂದು ಮನೆಗೆ ಒಯ್ಯುತ್ತಿದ್ದಳು. ಅವನಿಗೆ ನಾಲ್ಕು ವರ್ಷ. ಹಸಿವಿನಿಂದ ಅವನ ಕಾಲು ಊದಿಕೊಂಡಿತ್ತು. ಒಂದು ವಾರದಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ.

ಮರುದಿನ ಅಧಿಕಾರಿ ಸ್ಕೂಲಿನ ಗೇಟಿನ ಹತ್ತಿರ ಕಾಯುತ್ತಿದ್ದ.

"ಅಂಜದಿರು, ಬಾಲೆಯೇ. ನಮ್ಮ ಊರಿನಲ್ಲಿ ನಾನು ಚಿತ್ರಕಲೆ ಕಲಿಸುವ ಗುರು."

ಅವನು ಒಂದು ನೋಟ್‌ಬುಕ್ ತೆರೆದು ತೋರಿಸಿದ. ಪುಟದ ಮೇಲೆ ಬಾತುಮರಿ ಹಿಡಿದ ಹುಡುಗಿ! ಅದೇ ಜಡೆ, ಅದೇ ಬಗ್ಗಿದ ತಲೆ.

"ಇದು ನಿಮಗೆ ಹೇಗೆ ಗೊತ್ತು?"

"ನಮ್ಮ ಶಾಲೆಯಲ್ಲಿ ಇವಳದೊಂದು ಪ್ಲಾಸ್ಟರ್ ನಕಲಿದೆ. ಬಾಲಕನಾಗಿದ್ದಾಗ ನಾನೂ ಅದನ್ನು ನೋಡಿಯೇ ಚಿತ್ರ ಬರೆಯಲು ಕಲಿತೆ. ಈಗ ನನ್ನ ಶಿಷ್ಯರೂ ಕಲಿಯುವರು. ನಮ್ಮ ಊರಿನ ಕಂಬಗಳು, ಮೂರ್ತಿಗಳು, ಸಕಲವೂ ನಿಮ್ಮ ಪೂರ್ವಿಕರು ಕಲಿಸಿದ್ದು. ಸೌಂದರ್ಯವೆಂದರೇನೆಂದು ನೀವೇ ನಮಗೆ ತೋರಿಸಿದಿರಿ."

ಮರೂಸೊ ಬಂದರಿನ ಕಡೆ ನೋಡಿದಳು.

"ಹಾಗಾದ್ರೆ ನಮ್ಮ ದೋಣಿಗಳಿಗೆ ಯಾಕೆ ಬೀಗ ಹಾಕಿದ್ದೀರಿ?"

ಅಧಿಕಾರಿಯ ಮುಖ ಕೆಂಪಾಯಿತು. ಅವನು ಚೀಲದಿಂದ ಒಂದು ಹಾಲಿನ ಡಬ್ಬಿ ತೆಗೆದು ಅವಳ ಕೈಯಲ್ಲಿಟ್ಟ.

"ಇನ್ನೂ ಕೊಡುವೆನು. ಪ್ರತಿದಿನವೂ. ಆ ಕಲ್ಲು ಎಲ್ಲಿದೆಯೆಂದು ನಿನ್ನ ತಂದೆ ಹೇಳಿದರೆ ಸಾಕು."

"ಹೇಳಿದ್ರೆ ಏನ್ ಮಾಡ್ತೀರಿ? ನೋಡಿ ಹೋಗ್ತೀರಾ?"

"ಇಲ್ಲಿದ್ದರೆ ಅದು ಹಾಳಾಗುವುದು. ನಮ್ಮಲ್ಲಿ ಕ್ಷೇಮವಾಗಿರುವುದು," ಎಂದ ಅವನು, ಅವಳ ಕಣ್ಣು ತಪ್ಪಿಸಿ.

ಅಮ್ಮ ಚಾಕುವಿನಿಂದ ಡಬ್ಬಿಗೆ ತೂತು ಮಾಡಿ, ಹಾಲನ್ನು ಬಿಸಿನೀರಿಗೆ ಬೆರೆಸಿ ಚಮಚದಲ್ಲಿ ಕುಡಿಸಿದಳು. ಅರ್ಗೀರಿಸ್ ತುಟಿ ನೆಕ್ಕಿಕೊಂಡ.

"ಅಕ್ಕಾ, ಇದು ಯಾವ ಮೇಕೆ ಹಾಲು? ಇಷ್ಟ್ ಸಿಹಿ ಇದೆ!"

"ಡಬ್ಬಿ ಮೇಕೆ ಕಣೋ. ಅದಕ್ಕೆ ಕೊಂಬೂ ಇಲ್ಲ, ಬಾಲಾನೂ ಇಲ್ಲ."

ಅವನು ನಕ್ಕ. ಆ ಮನೆಯಲ್ಲಿ ಯಾರಾದರೂ ನಕ್ಕು ಎಷ್ಟೋ ದಿನಗಳಾಗಿದ್ದವು.

ಅಪ್ಪ ಮಾತ್ರ ನಗಲಿಲ್ಲ. "ಇದನ್ನ ಕೊಟ್ಟಿದ್ದು ಯಾರು?" ಎಂದ. ಮರೂಸೊ ಎಲ್ಲವನ್ನೂ ಹೇಳಿದಳು.

"ನಮ್ಮ ಅನ್ನ ಕಿತ್ಕೊಂಡು, ಅದ್ರಲ್ಲೇ ಒಂದು ತುತ್ತು ತೋರಿಸಿ ನಮ್ಮ ಕಲ್ಲು ಕೇಳ್ತಾನಾ?" ಅಪ್ಪ ಗುಡುಗಿದ. "ನನ್ನ ಚರ್ಮ ಸುಲಿದ್ರೂ ಹೇಳಲ್ಲ."

ಅಮ್ಮ ಡಬ್ಬಿಯ ತಳ ಕೆರೆಯುತ್ತಿದ್ದಳು. ತಲೆ ಎತ್ತಲಿಲ್ಲ.

ಆ ಒಂದು ಡಬ್ಬಿ ಹಾಲು ಮೂರು ದಿನಕ್ಕೆ ಸಾಕಾಯಿತು. ಮೂರನೇ ದಿನ ಅರ್ಗೀರಿಸ್ ಗೋಡೆ ಹಿಡಿದು ಎದ್ದು ನಿಂತ. ಹಾಲು ಮುಗಿದ ಮೇಲೆ ಮತ್ತೆ ಮಲಗಿದ. ಐದನೇ ದಿನ ಬೆಳಿಗ್ಗೆ ಅವನು ಹಾಲು ಕೇಳುವುದನ್ನೂ ಬಿಟ್ಟ.

ಅಪ್ಪ ಅವನ ಪಕ್ಕದಲ್ಲಿ ತುಂಬಾ ಹೊತ್ತು ಕೂತಿದ್ದ. ಆಮೇಲೆ ಎದ್ದ.

"ಗುದ್ದಲಿ ಎಲ್ಲಿ?"

ಅಮ್ಮ ಮೂಲೆ ತೋರಿಸಿದಳು.

"ಮರೂಸೊ, ಓಡು. ಆ ಹಳೇಪುಸ್ತಕಕ್ಕೆ ಹೇಳು, ಯಾಕುಮಿಸ್ ತೋರಿಸ್ತಾನಂತೆ ಅಂತ. ಹಾಲು ತಗೊಂಡೇ ಬರ್ಬೇಕು ಅಂತ ಹೇಳು."

ಮರೂಸೊ ಬಂದರಿನವರೆಗೂ ಓಡಿದಳು. ಅಲ್ಲಿಯ ಸೈನಿಕನಿಗೆ ಅವಳ ಮಾತು ತಿಳಿಯಲಿಲ್ಲ. ಅವಳು ಗಾಳಿಯಲ್ಲಿ ಚಿತ್ರ ಬರೆದು, ಟೋಪಿ ಹಾಕಿಕೊಂಡ ಹಾಗೆ ಮಾಡಿ ತೋರಿಸಿದಳು. ಕೊನೆಗೆ ಅವನಿಗೆ ಅರ್ಥವಾಯಿತು. ಅವನು ಸಮುದ್ರದ ಕಡೆ ಕೈ ತೋರಿಸಿ ಮೂರು ಬೆರಳು ಎತ್ತಿದ. ಅಧಿಕಾರಿ ಬೇರೆ ದ್ವೀಪಕ್ಕೆ ಹೋಗಿದ್ದ, ಬರುವುದು ಮೂರು ದಿನದ ಮೇಲೆ.

"ಹಾಲು... ಹಾಲು ಕೊಡಿ!" ಮರೂಸೊ ಬಾಯಿ ತೋರಿಸಿ ಕೇಳಿದಳು. ಸೈನಿಕ ತನ್ನ ಖಾಲಿ ಜೇಬನ್ನು ಹೊರಗೆಳೆದು ತೋರಿಸಿದ.

ಅವಳು ಮನೆಗೆ ಬಂದಾಗ ಅಪ್ಪ ಆಗಲೇ ಅರ್ಧ ಅಗೆದಿದ್ದ. ಮಣ್ಣಿನೊಳಗೆ ಕಂಬಳಿಯ ಅಂಚು ಕಾಣುತ್ತಿತ್ತು.

ಅದಾದ ಎರಡನೇ ದಿನ ಬೆಳಿಗ್ಗೆ ಅರ್ಗೀರಿಸ್ ತೀರಿಕೊಂಡ. ಮರೂಸೊ ಅವನ ಕೈ ಹಿಡಿದುಕೊಂಡಿದ್ದಳು. ಅವನು ನಿದ್ದೆ ಮಾಡುತ್ತಿದ್ದಾನೆ ಎಂದೇ ಅಂದುಕೊಂಡಿದ್ದಳು. ಪೆಟ್ಟಿಗೆ ಮಾಡಿಸಲು ಊರಿನಲ್ಲಿ ಹಲಗೆ ಇರಲಿಲ್ಲ. ಅಪ್ಪನೇ ಅವನನ್ನು ಅಮ್ಮನ ಶಾಲಿನಲ್ಲಿ ಸುತ್ತಿ ಎತ್ತಿಕೊಂಡು ಸ್ಮಶಾನಕ್ಕೆ ಹೋದ. ಅಲ್ಲಿಂದ ಬಂದವನು ಕೋಳಿಗೂಡಿನ ಕೆಳಗೆ ಅಗೆದಿದ್ದ ಮಣ್ಣನ್ನು ಮತ್ತೆ ಮುಚ್ಚಿದ.

ಬಂದರಿನ ಸೈನಿಕ ಸುದ್ದಿ ಮುಟ್ಟಿಸಿದ್ದನೇನೋ, ಮರುದಿನ ಅಧಿಕಾರಿ ಬಂದ. ಹೆಗಲ ಮೇಲೆ ಚೀಲ, ಅದರಲ್ಲಿ ಡಬ್ಬಿಗಳು. ಸಾವಿನ ಗುರುತಿಗೆ ಬಾಗಿಲಿಗೆ ಕಟ್ಟಿದ್ದ ಕಪ್ಪು ಬಟ್ಟೆ ನೋಡಿ ಅವನು ಅಂಗಳದಲ್ಲೇ ನಿಂತುಬಿಟ್ಟ.

"ಯಾರು?"

"ನನ್ನ ಮಗ," ಎಂದ ಅಪ್ಪ. "ನಿನ್ನೆ ಬೆಳಗಾಗೋ ಮುಂಚೆ ಬಂದಿದ್ರೆ ನಾನೇ ತೋರಿಸ್ತಿದ್ದೆ. ಈಗ ನನಗೆ ನಿಮ್ಮಿಂದ ಏನೂ ಬೇಡ."

ಅಧಿಕಾರಿಯ ಕಣ್ಣು ಕೋಳಿಗೂಡಿನ ಕಡೆ ಹೋಯಿತು. ಅಲ್ಲಿ ಮಣ್ಣು ಇನ್ನೂ ಹಸಿಯಾಗಿತ್ತು. ಗುದ್ದಲಿ ಪಕ್ಕದಲ್ಲೇ ಬಿದ್ದಿತ್ತು. ಅವನಿಗೆ ಗೊತ್ತಾಯಿತು. ಗೊತ್ತಾಗಿದ್ದು ಅವನ ಮುಖದಲ್ಲೇ ಕಂಡಿತು.

ಅವನು ಚೀಲವನ್ನು ನೆಲದ ಮೇಲಿಟ್ಟು ಹೊರಟುಹೋದ. ಮತ್ತೆಂದೂ ಆ ಕಲ್ಲಿನ ಸುದ್ದಿ ಎತ್ತಲಿಲ್ಲ.

ಅಪ್ಪ ಅಮ್ಮ ಇಬ್ಬರೂ ಚೀಲವನ್ನು ಮುಟ್ಟಲಿಲ್ಲ. ಸಂಜೆಯಾಗುವವರೆಗೆ ನೋಡಿ, ಮರೂಸೊ ಅದನ್ನು ಎಳೆದುಕೊಂಡು ಸ್ಕೂಲಿನ ಅಡುಗೆಮನೆಗೆ ಹೋದಳು. ಮರುದಿನ ಎಲ್ಲ ಮಕ್ಕಳಿಗೂ ಅರ್ಧರ್ಧ ಲೋಟ ಹಾಲು ಸಿಕ್ಕಿತು. ಅವಳೂ ಕುಡಿದಳು. ಅದು ಸಿಹಿಯಾಗಿತ್ತು. ಅದಕ್ಕೇ ಅವಳಿಗೆ ಅಳು ಬಂತು.

ಮೂರು ವರ್ಷದ ಮೇಲೆ ಯುದ್ಧ ಮುಗಿಯಿತು. ಕಲ್ಲು ಮತ್ತೆ ಮ್ಯೂಸಿಯಂ ಸೇರಿತು. ಮೊದಲ ಬೇಸಿಗೆಯಲ್ಲೇ ದೂರದ ದೇಶದಿಂದ ಒಬ್ಬ ಪ್ರೊಫೆಸರ್ ಕ್ಯಾಮೆರಾ ಹಿಡಿದು ಬಂದ.

"ಈ ಬಟ್ಟೆಯ ನೆರಿಗೆ ನೋಡು ಮರೀ! ನಮ್ಮಲ್ಲಿ ಶಿಲ್ಪ ಕಲಿಯೋರೆಲ್ಲ ಮೊದಲು ಕಲಿಯೋದು ಇವಳನ್ನೇ. ಎಷ್ಟು ಚೆನ್ನಾಗಿದ್ದಾಳೆ ಅಲ್ವಾ?"

"ಹೂಂ," ಅಂದಳು ಮರೂಸೊ.

ಅವನು ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಹುಡುಗಿಯ ಕೈಯನ್ನು ನೋಡಿದಳು. ಎರಡು ಬೆರಳು ಬಾತುಮರಿಯ ಎದೆಯ ಕೆಳಗಿದ್ದವು, ಹೆಬ್ಬೆರಳು ಕೊರಳನ್ನು ಒತ್ತದ ಹಾಗೆ ಬದಿಗೆ ಸರಿದಿತ್ತು. ಕೆತ್ತಿದವನಿಗೆ ಇದು ಹೇಗೆ ಗೊತ್ತು? ಯಾರೋ ಪಕ್ಕದಲ್ಲಿ ನಿಂತು ಹೇಳಿರಬೇಕು. ಹಾಗಲ್ಲ, ಹೀಗೆ. ನನ್ನ ಮಗಳು ಹೀಗೆ ಹಿಡೀತಿದ್ಲು.

"ಅಪ್ಪ, ಇವಳ ಅಪ್ಪನ ಹೆಸರೇನು?"

ಅಪ್ಪ ನೆಲ ಗುಡಿಸುವುದನ್ನು ನಿಲ್ಲಿಸಿದ.

"ಗೊತ್ತಿಲ್ಲ ಕಣೆ. ಕಲ್ಲಿನ ಮೇಲೆ ಬರೆದಿಲ್ಲ. ಇಷ್ಟು ವರ್ಷದಲ್ಲಿ ಯಾರ್ಯಾರೋ ಬಂದು ಏನೇನೋ ಕೇಳಿದ್ರು. ಇದನ್ನ ಯಾರೂ ಕೇಳಿರ್ಲಿಲ್ಲ."

ಅವನು ಪೊರಕೆಯನ್ನು ಗೋಡೆಗೆ ಒರಗಿಸಿ ಬಂದು ಮಗಳ ಪಕ್ಕದಲ್ಲಿ ನಿಂತ. ಬಾಗಿಲು ಹಾಕುವ ಹೊತ್ತು ಮೀರಿದರೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.